ರೇಂಜ್ ನೋಡಬೇಕಾ, ಅವಧಿ ನೋಡಬೇಕಾ? ಮಂತ್ರ ಆರಿಸುವವರಿಗೆ ಒಂದು ಹೋಲಿಕೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಆಡುವ ಆಟ. ಅದರಲ್ಲಿ ವಿಝಾರ್ಡ್ (ಮಂತ್ರವಾದಿ) ಅಥವಾ ಕ್ಲೆರಿಕ್ (ದೇವರ ಬಲದ ಪೂಜಾರಿ) ಪಾತ್ರ ಮಾಡಿಕೊಂಡು ಆಡಲು ಕೂತವರು ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಮಂತ್ರಗಳ ಪಟ್ಟಿ ಉದ್ದ, ಆರಿಸಿಕೊಳ್ಳಲು ಸಿಗುವುದು ಕೆಲವೇ. ಶಿವಮೊಗ್ಗದ ನಮ್ಮ ಗುಂಪಿಗೆ ಬರುವ ಹೊಸಬರು, ಸಾಗರ, ತೀರ್ಥಹಳ್ಳಿ ಕಡೆಯಿಂದ ಆನ್‌ಲೈನ್‌ನಲ್ಲಿ ಸೇರುವವರು, ಎಲ್ಲರೂ ಕೇಳುವುದು ಇದನ್ನೇ: "ಇವೆರಡರಲ್ಲಿ ಯಾವುದು ತಗೊಳ್ಳಲಿ?" ಹೆಚ್ಚಿನವರು ಡ್ಯಾಮೇಜ್, ಅಂದರೆ ಎದುರಾಳಿಗೆ ಎಷ್ಟು ಏಟು ಬೀಳುತ್ತದೆ ಅನ್ನೋದನ್ನು ನೋಡಿ ತೀರ್ಮಾನ ಮಾಡುತ್ತಾರೆ. ನನ್ನನ್ನು ಕೇಳಿದರೆ ಡ್ಯಾಮೇಜ್ ಕೊನೆಗೆ ನೋಡಿ. ಮೊದಲು ರೇಂಜ್ (ಮಂತ್ರ ಮುಟ್ಟುವ ದೂರ) ಮತ್ತು ಅವಧಿಯ ಸಾಲು ಓದಿ. ಆಮೇಲೆ ನಿಮ್ಮ ಡಿಎಂ (ಕಥೆ ನಡೆಸುವ ಡಂಜನ್ ಮಾಸ್ಟರ್) ಎಂಥ ಜಾಗದಲ್ಲಿ ಹೊಡೆದಾಟ ಇಡುತ್ತಾರೆ ಅಂತ ಯೋಚಿಸಿ.

ಪುಸ್ತಕದಲ್ಲಿ ಬರೆದಿರುವ ದೂರ ಪೂರ್ತಿ ಸಿಗುವುದು ಬಯಲಿನಲ್ಲಿ. ಬರೆದಿರುವ ಅವಧಿ ಪೂರ್ತಿ ಸಿಗುವುದು ನಿಮಗೆ ಯಾರೂ ಹೊಡೆಯದಿದ್ದಾಗ. ಮಲೆನಾಡಿನಂಥ ಜಾಗದಲ್ಲಿ ಕಥೆ ನಡೆಯುತ್ತಿದ್ದರೆ ಎರಡೂ ಅಪರೂಪ. ನಮ್ಮ ಕಥೆ ನಡೆಯುವುದು ಅಂಥ ಜಾಗದಲ್ಲೇ: ಕವಲೇದುರ್ಗದ ಹಾಗೆ ಕಾಡಿನ ನಡುವೆ ಇರುವ ಕೋಟೆ, ಅಡಿಕೆ ತೋಟ, ಘಾಟಿ, ಹಳ್ಳ.

ಇಲ್ಲಿನ ಲೆಕ್ಕವೆಲ್ಲ 2014ರ ಐದನೇ ಆವೃತ್ತಿಯದು. 2024ರ ಪರಿಷ್ಕೃತ ಪುಸ್ತಕದಲ್ಲಿ ಬದಲಾಗಿದ್ದನ್ನು ಅಗತ್ಯ ಇದ್ದಲ್ಲಿ ಹೇಳುತ್ತೇನೆ.

ಯಾವುದನ್ನು ನೋಡಿ ತೂಗುವುದು

ನಾನು ಕೇಳಿಕೊಳ್ಳುವುದು ನಾಲ್ಕು ಪ್ರಶ್ನೆ. ಮಂತ್ರ ಎಷ್ಟು ದೂರ ಮುಟ್ಟುತ್ತದೆ? ಗುರಿ ಕಣ್ಣಿಗೆ ಕಾಣಲೇಬೇಕಾ? ಎಷ್ಟು ಹೊತ್ತು ನಿಲ್ಲುತ್ತದೆ, ಅದಕ್ಕೆ ಕಾನ್ಸಂಟ್ರೇಷನ್ (ಮಂತ್ರ ಉಳಿಸಿಕೊಳ್ಳುವ ಏಕಾಗ್ರತೆ) ಬೇಕಾ? ಖರ್ಚೇನು, ಅಂದರೆ ಎಷ್ಟನೇ ಲೆವೆಲ್ ಸ್ಲಾಟ್ (ದಿನಕ್ಕೆ ಇಷ್ಟೇ ಮಂತ್ರ ಅನ್ನೋ ಲೆಕ್ಕದ ಒಂದು ಪಾಲು), ಆ ಟರ್ನ್‌ನಲ್ಲಿ (ನಿಮ್ಮ ಸರದಿಯಲ್ಲಿ) ಯಾವ ಆ್ಯಕ್ಷನ್? ಎರಡನೇ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ಮಳೆ, ಮಂಜಿನಲ್ಲಿ ಕಥೆ ಕಟ್ಟಿಕೊಂಡವರಿಗೆ ಅದೇ ಮುಖ್ಯ.

ಮೂಲ ಲೆಕ್ಕ ಸುಲಭ. ನಕ್ಷೆಯ ಒಂದು ಚೌಕ 5 ಅಡಿ. ಎಲ್ಲರ ಸರದಿ ಒಂದು ಸಲ ಮುಗಿದರೆ ಒಂದು ರೌಂಡ್, ಅದು 6 ಸೆಕೆಂಡ್. ಹಾಗಾಗಿ ಒಂದು ನಿಮಿಷ ಅಂದರೆ 10 ರೌಂಡ್. ನಮ್ಮಲ್ಲಿ ಸಾಮಾನ್ಯ ಹೊಡೆದಾಟ ಮೂರ್ನಾಲ್ಕು ರೌಂಡ್‌ಗೆ ಮುಗಿಯುತ್ತದೆ. ಅಂದರೆ ಕಥೆಯೊಳಗೆ ಅರ್ಧ ನಿಮಿಷವೂ ಆಗಿರುವುದಿಲ್ಲ. ಒಂದು ನಿಮಿಷದ ಮಂತ್ರವನ್ನು "ಇಷ್ಟೇನಾ" ಅಂತ ಪಕ್ಕಕ್ಕೆ ಇಡಬೇಡಿ, ಒಂದು ಹೊಡೆದಾಟಕ್ಕೆ ಅದು ಧಾರಾಳವಾಗಿ ಸಾಕು.

ರೇಂಜ್ ಜಾಗದಲ್ಲಿ ಮೂರು ಥರ ಬರೆದಿರುತ್ತದೆ. ಸೆಲ್ಫ್ ಅಂದರೆ ನಿಮ್ಮ ಮೇಲೆ, ಇಲ್ಲವೇ ನಿಮ್ಮಿಂದ ಹೊರಡುವುದು. ಟಚ್ ಅಂದರೆ ಕೈಗೆ ಸಿಗಬೇಕು. ಇನ್ನು ಅಡಿಗಳ ಲೆಕ್ಕ. ಇದರಲ್ಲಿ ಹೊಸಬರಿಗೆ ಗೊತ್ತಿಲ್ಲದ ಒಂದು ಒಳ್ಳೆಯ ನಿಯಮ ಇದೆ. ಮಂತ್ರ ಹಾಕುವ ಹೊತ್ತಿಗೆ ಗುರಿ ರೇಂಜ್ ಒಳಗಿದ್ದರೆ ಸಾಕು. ಒಮ್ಮೆ ತಾಗಿದ ಮೇಲೆ, ಮಂತ್ರದ ವಿವರಣೆಯಲ್ಲಿ ಬೇರೆ ಹೇಳದಿದ್ದರೆ, ಗುರಿ ಎಷ್ಟು ದೂರ ಓಡಿದರೂ ಪರಿಣಾಮ ಬಿಡುವುದಿಲ್ಲ. 90 ಅಡಿಯೊಳಗೆ ಹೆಕ್ಸ್ ಅನ್ನೋ ಶಾಪದ ಮಂತ್ರ ಹಾಕಿಸಿಕೊಂಡವನು ಗುಡ್ಡ ಹತ್ತಿ ಓಡಿದರೂ ಹೆಕ್ಸ್ ಅವನ ಜೊತೆಗೇ ಹೋಗುತ್ತದೆ.

ದೂರಕ್ಕೆ ಎಷ್ಟು ಬೆಲೆ ಕೊಡಬಹುದು

ಕ್ಯಾಂಟ್ರಿಪ್, ಅಂದರೆ ಸ್ಲಾಟ್ ಖರ್ಚಾಗದ ಚಿಕ್ಕ ಮಂತ್ರಗಳಿಂದ ಶುರು ಮಾಡೋಣ. ಫೈರ್ ಬೋಲ್ಟ್ 120 ಅಡಿ, ಹತ್ತು ಮುಖದ ಒಂದು ದಾಳದಲ್ಲಿ ಬಿದ್ದಷ್ಟು ಡ್ಯಾಮೇಜ್. ರೇ ಆಫ್ ಫ್ರಾಸ್ಟ್ 60 ಅಡಿ, ಎಂಟು ಮುಖದ ಒಂದು ದಾಳ, ಜೊತೆಗೆ ನಿಮ್ಮ ಮುಂದಿನ ಟರ್ನ್ ತನಕ ಎದುರಾಳಿಯ ಓಟ 10 ಅಡಿ ಕಡಿಮೆ. ಶಾಕಿಂಗ್ ಗ್ರಾಸ್ಪ್ ಟಚ್, ಅದೇ ಎಂಟು ಮುಖದ ದಾಳ, ತಾಗಿದರೆ ಎದುರಾಳಿಗೆ ರಿಯಾಕ್ಷನ್ (ಬೇರೆಯವರ ಸರದಿಯಲ್ಲಿ ತಟ್ಟನೆ ಮಾಡುವ ಕೆಲಸ) ಇಲ್ಲ. ಪಟ್ಟಿಯಲ್ಲಿ ನೋಡಿದರೆ ಫೈರ್ ಬೋಲ್ಟ್ ಗೆದ್ದ ಹಾಗೆ ಕಾಣುತ್ತದೆ. ಎರಡರಷ್ಟು ದೂರ, ದೊಡ್ಡ ದಾಳ.

ಈಗ ಅದನ್ನು ಅಡಿಕೆ ತೋಟಕ್ಕೆ ತನ್ನಿ. ನಮ್ಮ ಕಡೆ ಅಡಿಕೆ ಮರಗಳ ನಡುವೆ ಸುಮಾರು 9 ಅಡಿ ಬಿಡುತ್ತಾರೆ. ನಕ್ಷೆಯಲ್ಲಿ ಹಾಕಿದರೆ ಎರಡು ಚೌಕಕ್ಕೊಂದು ಮರ. ತೆಳ್ಳನೆಯ ಮರದ ಕಾಂಡ ಅರ್ಧ ಮರೆ ಕೊಡುತ್ತದೆ ಅಂತ ನಿಯಮ ಪುಸ್ತಕದಲ್ಲೇ ಇದೆ. ಅರ್ಧ ಮರೆ ಅಂದರೆ ಎದುರಾಳಿಯ ಎಸಿಗೆ (ಏಟು ತಾಗಲು ದಾಳದಲ್ಲಿ ಬರಬೇಕಾದ ಅಂಕಿಗೆ) 2 ಜಾಸ್ತಿ. 60 ಅಡಿ ದೂರ ಗುರಿಯಿಟ್ಟರೆ ನಡುವೆ ಆರೇಳು ಸಾಲು ಮರ. ಆಚೆಗಿನ 60 ಅಡಿಯಲ್ಲಿ ಗುರಿಯೇ ಸಿಗುವುದು ಕಷ್ಟ. ಇಂಥ ಕಡೆ ಫೈರ್ ಬೋಲ್ಟ್‌ನ ಹೆಚ್ಚಿನ ದೂರಕ್ಕೆ ಕೆಲಸವೇ ಇಲ್ಲ. ರೇ ಆಫ್ ಫ್ರಾಸ್ಟ್ ಕೊಡುವ ನಿಧಾನ ಮಾತ್ರ ಪ್ರತಿ ಸಲ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ತೋಟದಲ್ಲಿ ಎದುರಾಳಿ ಕಾಣಿಸುವ ಹೊತ್ತಿಗೆ ಹತ್ತಿರ ಬಂದಾಗಿರುತ್ತದೆ. ಕಥೆ ಹೊನ್ನಾಳಿ ಕಡೆಯ ಬಯಲಿನಂಥ ಜಾಗದಲ್ಲಿ ನಡೆಯುವುದಾದರೆ ಯೋಚನೆ ಮಾಡದೆ ಫೈರ್ ಬೋಲ್ಟ್ ತಗೊಳ್ಳಿ. ಶಾಕಿಂಗ್ ಗ್ರಾಸ್ಪ್ ಎರಡನೇ ಕ್ಯಾಂಟ್ರಿಪ್ ಆಗಿ ಇರಲಿ. ಪಕ್ಕಕ್ಕೆ ಬಂದು ನಿಂತವನಿಂದ ತಪ್ಪಿಸಿಕೊಂಡು ಹೋಗಲು ಅದಕ್ಕಿಂತ ಅಗ್ಗದ ದಾರಿ ಇಲ್ಲ.

ವಾಸಿ ಮಾಡುವ ಮಂತ್ರಗಳಲ್ಲಿ ಲೆಕ್ಕ ತಿರುಗುತ್ತದೆ. ಇಲ್ಲಿ ದೂರವೇ ಪ್ರಾಣ ಉಳಿಸುವುದು. ಕ್ಯೂರ್ ವೂಂಡ್ಸ್ ಟಚ್, ಎಂಟು ಮುಖದ ಒಂದು ದಾಳ, ಪೂರ್ತಿ ಆ್ಯಕ್ಷನ್ ಹೋಗುತ್ತದೆ. ಹೀಲಿಂಗ್ ವರ್ಡ್ 60 ಅಡಿ, ನಾಲ್ಕು ಮುಖದ ಒಂದು ದಾಳ, ಬೋನಸ್ ಆ್ಯಕ್ಷನ್ (ಅದೇ ಟರ್ನ್‌ನಲ್ಲಿ ಆ್ಯಕ್ಷನ್ ಜೊತೆಗೆ ಮಾಡುವ ಚಿಕ್ಕ ಕೆಲಸ) ಸಾಕು. ಸರಾಸರಿಯಲ್ಲಿ ಇವುಗಳ ನಡುವಿನ ವ್ಯತ್ಯಾಸ ಬರೀ 2 ಪಾಯಿಂಟ್ (ಹಿಟ್ ಪಾಯಿಂಟ್, ಅಂದರೆ ಪಾತ್ರದ ಪ್ರಾಣದ ಲೆಕ್ಕ).

ಹಳ್ಳದ ಮೇಲಿನ ಕಾಲುಸಂಕ ಅಂದುಕೊಳ್ಳಿ. ಸಂಕದ ಉದ್ದ 40 ಅಡಿ. ನಿಮ್ಮ ಜೊತೆಯವನು ಆಚೆ ದಡದಲ್ಲಿ ಸೊನ್ನೆ ಪಾಯಿಂಟ್‌ಗೆ ಬಿದ್ದಿದ್ದಾನೆ. ನಿಮ್ಮ ಓಟ ಒಂದು ಟರ್ನ್‌ಗೆ 30 ಅಡಿ. ಕ್ಯೂರ್ ವೂಂಡ್ಸ್ ಮಾತ್ರ ಇದ್ದರೆ ಈ ಟರ್ನ್‌ನಲ್ಲಿ ನೀವು ಸಂಕದ ನಡುವೆ ನಿಂತಿರುತ್ತೀರಿ, ಅವನು ಸಾವಿನ ದಾಳ ಉರುಳಿಸುತ್ತಿರುತ್ತಾನೆ. ಹೀಲಿಂಗ್ ವರ್ಡ್ ಇದ್ದರೆ ಈ ದಡದಿಂದಲೇ ಒಂದು ಮಾತು, ಅವನು ಕಣ್ಣು ಬಿಡುತ್ತಾನೆ. ಸೊನ್ನೆಯಿಂದ ಏಳಲು ಒಂದೇ ಪಾಯಿಂಟ್ ಸಾಕು. ಉಳಿದ ಆ್ಯಕ್ಷನ್‌ನಲ್ಲಿ ನೀವು ಕ್ಯಾಂಟ್ರಿಪ್ ಕೂಡ ಬಿಡಬಹುದು. 2014ರ ನಿಯಮದಲ್ಲಿ ಆಡುವವರಿಗೆ ಇವೆರಡರಲ್ಲಿ ಒಂದೇ ತಗೊಳ್ಳಲು ಆಗುವುದಾದರೆ ಹೀಲಿಂಗ್ ವರ್ಡ್ ಅಂತ ನಾನು ಕಣ್ಣುಮುಚ್ಚಿ ಹೇಳುತ್ತೇನೆ. 2024ರಲ್ಲಿ ಎರಡಕ್ಕೂ ದಾಳ ದುಪ್ಪಟ್ಟಾಗಿ ಸರಾಸರಿ ವ್ಯತ್ಯಾಸ 4 ಪಾಯಿಂಟ್‌ಗೆ ಏರಿದೆ. ಹೊಡೆದಾಟ ಮುಗಿದ ಮೇಲೆ ಗಾಯ ಕಟ್ಟಲು ಆಗ ಕ್ಯೂರ್ ವೂಂಡ್ಸ್‌ಗೂ ಒಂದು ಜಾಗ ಇದೆ.

ಮಂಜು ಇಳಿದಾಗ

ಹೀಲಿಂಗ್ ವರ್ಡ್‌ಗೆ ಒಂದು ಷರತ್ತು ಇದೆ. ಯಾರಿಗೆ ಹಾಕುತ್ತೀರೋ ಅವರು ನಿಮಗೆ ಕಾಣಬೇಕು. ಆಗುಂಬೆಯಲ್ಲಿ ಮಳೆಗಾಲದ ಮಂಜು ನೋಡಿದವರಿಗೆ ಈ ಷರತ್ತಿನ ಭಾರ ಗೊತ್ತಾಗುತ್ತದೆ. ಕೆಲವೇ ಹೆಜ್ಜೆ ಆಚೆ ಇರುವವರು ಕಾಣುವುದಿಲ್ಲ. ಡಿಎಂ ಅಂಥ ಮಂಜು ಇಳಿಸಿದರೆ, ಅಥವಾ ಎದುರಾಳಿಯೇ ಫಾಗ್ ಕ್ಲೌಡ್ (ಮಂಜು ಕವಿಸುವ ಮಂತ್ರ) ಹಾಕಿದರೆ, 60 ಅಡಿಯ ಹೀಲಿಂಗ್ ವರ್ಡ್ ಬಾಯಲ್ಲೇ ಉಳಿಯುತ್ತದೆ. ಕ್ಯೂರ್ ವೂಂಡ್ಸ್‌ಗೆ ಕಣ್ಣು ಬೇಡ, ಕೈ ಸಾಕು. ತಡಕಾಡಿಕೊಂಡು ಹೋಗಿ ಮುಟ್ಟಿದರೆ ಆಯಿತು.

ಆದ್ದರಿಂದ ಮಂತ್ರದ ವಿವರಣೆಯಲ್ಲಿ "ನಿಮಗೆ ಕಾಣುವ" ಅನ್ನೋ ಷರತ್ತು ಇದೆಯಾ ಅಂತ ಹುಡುಕಿ ಗುರುತು ಹಾಕಿಕೊಳ್ಳಿ. ಮ್ಯಾಜಿಕ್ ಮಿಸೈಲ್‌ಗೆ ಇದೆ. ಅದು ಗುರಿ ತಪ್ಪುವುದೇ ಇಲ್ಲ, 120 ಅಡಿ ಹೋಗುತ್ತದೆ, ಮಂಜಿನಲ್ಲಿ ಮಾತ್ರ ಹೊರಡುವುದೇ ಇಲ್ಲ. ಹೋಲ್ಡ್ ಪರ್ಸನ್‌ಗೂ ಇದೆ. ಬ್ಲೆಸ್‌ಗೆ ಇಲ್ಲ. 30 ಅಡಿಯೊಳಗೆ ಇರುವ ಮೂವರು ಜೊತೆಗಾರರಿಗೆ ಕಣ್ಣಿಗೆ ಕಾಣದಿದ್ದರೂ ಹಾಕಬಹುದು. ಫೈರ್‌ಬಾಲ್‌ಗೂ ಇಲ್ಲ, ಅದಕ್ಕೆ ಬೇಕಾಗಿರುವುದು 150 ಅಡಿಯೊಳಗಿನ ಒಂದು ಬಿಂದು ಅಷ್ಟೇ. ನಡುವೆ ನಿಮಗೆ ಗೊತ್ತಿಲ್ಲದ ಗೋಡೆಯೋ ಬಂಡೆಯೋ ಇದ್ದರೆ ಅದರ ಈಚೆಗೇ ಸಿಡಿಯುತ್ತದೆ. ಅದು 20 ಅಡಿ ಸುತ್ತಳತೆಯಲ್ಲ, 20 ಅಡಿ ತ್ರಿಜ್ಯ. ಅಡ್ಡಕ್ಕೆ 40 ಅಡಿ. ಮಂಜಿನಲ್ಲಿ ಸ್ನೇಹಿತರು ಎಲ್ಲಿದ್ದಾರೆ ಅಂತ ಗೊತ್ತಿಲ್ಲದೆ ಇದನ್ನು ಬಿಡಬೇಡಿ ಮಾರಾಯ್ರೇ.

ಅವಧಿ, ಮತ್ತು ಅದನ್ನು ಉಳಿಸಿಕೊಳ್ಳುವ ಕಷ್ಟ

ಅವಧಿಯ ಸಾಲಿನಲ್ಲಿ ಕಾನ್ಸಂಟ್ರೇಷನ್ ಅನ್ನೋ ಪದ ಇದೆಯಾ ನೋಡಿ. ಇದ್ದರೆ ಮೂರು ಮಾತು ನೆನಪಿಡಿ. ಅಂಥ ಮಂತ್ರ ಒಂದು ಹೊತ್ತಿಗೆ ಒಂದೇ. ಪ್ರಜ್ಞೆ ತಪ್ಪಿದರೆ ಹೋಯಿತು. ಏಟು ಬಿದ್ದಾಗಲೆಲ್ಲ ಕಾನ್‌ಸ್ಟಿಟ್ಯೂಷನ್ ಸೇವ್ ಹಾಕಬೇಕು, ಅಂದರೆ ಮೈ ತಡೆದುಕೊಳ್ಳುತ್ತದಾ ಅಂತ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಬರಬೇಕಾದ್ದು 10, ಇಲ್ಲವೇ ತಿಂದ ಡ್ಯಾಮೇಜ್‌ನ ಅರ್ಧ, ಯಾವುದು ಜಾಸ್ತಿಯೋ ಅದು.

ಲೆಕ್ಕ ಹಾಕಿ ನೋಡೋಣ. ನಿಮ್ಮ ಸೇವ್‌ಗೆ 2 ಸೇರುತ್ತದೆ ಅಂದುಕೊಳ್ಳಿ. 10 ಬರಲು ದಾಳದಲ್ಲಿ 8 ಅಥವಾ ಮೇಲೆ ಬೀಳಬೇಕು. 100ಕ್ಕೆ 65 ಸಲ ಉಳಿಯುತ್ತದೆ. ಒಂದೇ ರೌಂಡ್‌ನಲ್ಲಿ ಎರಡು ಬಾಣ ತಾಗಿದರೆ ಎರಡರಿಂದಲೂ ಉಳಿಯುವ ಅವಕಾಶ 100ಕ್ಕೆ 42. "ಒಂದು ಗಂಟೆ ತನಕ" ಅಂತ ಬರೆದಿರುವ ಮಂತ್ರ 12 ಸೆಕೆಂಡಿಗೆ ಮುಗಿಯುವುದು ಹೀಗೆ. ಮುಂದೆ ನಿಂತು ಏಟು ತಿನ್ನುವ ಕ್ಯಾರೆಕ್ಟರ್ ಆಗಿದ್ದರೆ ಉದ್ದ ಅವಧಿಯ ಕಾನ್ಸಂಟ್ರೇಷನ್ ಮಂತ್ರಕ್ಕೆ ಜಾಸ್ತಿ ಬೆಲೆ ಕಟ್ಟಬೇಡಿ. ಹಿಂದೆ ಮರೆಯಲ್ಲಿ ನಿಲ್ಲುವವರಾದರೆ ಅದೇ ಮಂತ್ರ ಬಂಗಾರ.

ಕಾನ್ಸಂಟ್ರೇಷನ್ ಬೇಡದ ಉದ್ದ ಮಂತ್ರಗಳು ಇನ್ನೊಂದು ಗುಂಪು. ಮೇಜ್ ಆರ್ಮರ್ 8 ಗಂಟೆ ನಿಲ್ಲುತ್ತದೆ, ಎಸಿಯನ್ನು 13ಕ್ಕೆ ಏರಿಸಿ ಅದರ ಮೇಲೆ ಡೆಕ್ಸ್ (ಚುರುಕುತನದ ಅಂಕಿ) ಸೇರಿಸುತ್ತದೆ. ಇದಕ್ಕೆ ಎದುರು ಶೀಲ್ಡ್: ರಿಯಾಕ್ಷನ್, ಒಂದೇ ರೌಂಡ್, ಎಸಿಗೆ 5. ಎರಡೂ ಮೊದಲ ಲೆವೆಲ್ ಸ್ಲಾಟ್. ಮೊದಲ ಲೆವೆಲ್ ವಿಝಾರ್ಡ್‌ಗೆ ದಿನಕ್ಕೆ ಇರುವುದೇ ಎರಡು ಸ್ಲಾಟ್, ಆರ್ಕೇನ್ ರಿಕವರಿಯಿಂದ (ಸ್ವಲ್ಪ ವಿಶ್ರಾಂತಿ ತಗೊಂಡು ಸ್ಲಾಟ್ ವಾಪಸ್ ಪಡೆಯುವ ಶಕ್ತಿಯಿಂದ) ಇನ್ನೊಂದು. ಬೆಳಿಗ್ಗೆ ಎದ್ದು ಮೇಜ್ ಆರ್ಮರ್ ಹಾಕಿದರೆ ಬಜೆಟ್‌ನ ದೊಡ್ಡ ಪಾಲು ಹೋಯಿತು. ದಿನಕ್ಕೆ ಮೂರ್ನಾಲ್ಕು ಹೊಡೆದಾಟ ಇಡುವ ಡಿಎಂ ಆದರೆ ಅದು ಒಳ್ಳೆಯ ಖರ್ಚು. ವಾರಗಟ್ಟಲೆ ಪ್ರಯಾಣ, ನಡುವೆ ಒಂದೇ ಒಂದು ಹೊಡೆದಾಟ ಅನ್ನೋ ಥರದ ಆಟವಾದರೆ ಶೀಲ್ಡ್ ಲಾಭ, ಬೇಕಾದಾಗ ಮಾತ್ರ ಖರ್ಚಾಗುತ್ತದೆ. ನಿಮ್ಮ ಪಾತ್ರ ಮೂರನೇ ಲೆವೆಲ್‌ಗೆ ಬಂದಾಗ ಮೊದಲ ಲೆವೆಲ್ ಸ್ಲಾಟ್ ನಾಲ್ಕಾಗುತ್ತದೆ. ಅಲ್ಲಿಂದ ಮುಂದೆ ಎರಡನ್ನೂ ಇಟ್ಟುಕೊಳ್ಳಿ, ಗೊಂದಲವೇ ಇಲ್ಲ.

ಸ್ಲಾಟ್ ಉಳಿಸಲು ಬಯಸುವವರು ರಿಚ್ಯುವಲ್ ಅಂತ ಬರೆದಿರುವ ಮಂತ್ರಗಳನ್ನು ಬಿಡಬೇಡಿ. 10 ನಿಮಿಷ ಹೆಚ್ಚು ಹಿಡಿಯುತ್ತದೆ, ಸ್ಲಾಟ್ ಬೇಡ. ಅಲಾರಂ 8 ಗಂಟೆ ಕಾವಲು ಕಾಯುತ್ತದೆ, ಅಂದರೆ ಒಂದು ಪೂರ್ತಿ ಲಾಂಗ್ ರೆಸ್ಟ್ (ರಾತ್ರಿ ನಿದ್ದೆಯಂಥ ದೀರ್ಘ ವಿಶ್ರಾಂತಿ). ಕಾಡಿನಲ್ಲಿ ಮಲಗುವ ಗುಂಪಿಗೆ ಇದು ಬೇಕೇ ಬೇಕು.

ಕಟ್ಟಿಹಾಕುವ ಮಂತ್ರಗಳು

ಎಂಟ್ಯಾಂಗಲ್ (ಬಳ್ಳಿಗಳಲ್ಲಿ ಸಿಲುಕಿಸುವುದು), ವೆಬ್ (ಜೇಡರ ಬಲೆ ಹಾಕುವುದು), ಫಾಗ್ ಕ್ಲೌಡ್. ಮೂರಕ್ಕೂ ಕಾನ್ಸಂಟ್ರೇಷನ್ ಬೇಕು, ಹಾಗಾಗಿ ಒಂದನ್ನೇ ಹಿಡಿಯಬೇಕು. ಎಂಟ್ಯಾಂಗಲ್ 90 ಅಡಿ, ಒಂದು ನಿಮಿಷ, ಮೊದಲ ಲೆವೆಲ್. ವೆಬ್ 60 ಅಡಿ, ಒಂದು ಗಂಟೆ ತನಕ, ಎರಡನೇ ಲೆವೆಲ್. ಫಾಗ್ ಕ್ಲೌಡ್ 120 ಅಡಿ, ಒಂದು ಗಂಟೆ ತನಕ, ಮೊದಲ ಲೆವೆಲ್.

ವೆಬ್‌ನ ಬಲೆಗೆ ಆಧಾರ ಬೇಕು. ಎರಡು ಗೋಡೆಯ ನಡುವೆ ಅಥವಾ ಎರಡು ಮರದ ನಡುವೆ ಕಟ್ಟಬೇಕು, ಇಲ್ಲವೇ ನೆಲದ ಮೇಲೆ ಹಾಸಬೇಕು. ಯಾವುದೂ ಇಲ್ಲದಿದ್ದರೆ ನಿಮ್ಮ ಮುಂದಿನ ಟರ್ನ್ ಶುರುವಿಗೇ ಕುಸಿದು ಹೋಗುತ್ತದೆ. ಅಡಿಕೆ ತೋಟದಲ್ಲಿ ಆಧಾರಕ್ಕೆ ಬರವೇ ಇಲ್ಲ. 20 ಅಡಿಯ ಬಲೆ ಎಲ್ಲಿ ಹಾಕಿದರೂ ನಿಲ್ಲುತ್ತದೆ. ಕೋಟೆಯ ಬಾಗಿಲಿಗೆ ಹಾಕಿದರೆ ಇನ್ನೂ ಚಂದ: ಹೊಡೆದಾಟ ಮುಗಿದರೂ ಬಲೆ ಉಳಿಯುತ್ತದೆ, ಒಳಗಿನವರು ಹೊರಗೆ ಬರಲು ಒದ್ದಾಡಬೇಕು. ಆ ಒಂದು ಗಂಟೆಗೆ ಅರ್ಥ ಬರುವುದು ಇಲ್ಲಿ. ಬೆಂಕಿಗೆ ಮಾತ್ರ ಅದು ಬೇಗ ಉರಿದುಹೋಗುತ್ತದೆ, ಜೊತೆಯಲ್ಲಿ ಫೈರ್ ಬೋಲ್ಟ್ ಬಿಡುವವರಿಗೆ ಮೊದಲೇ ಹೇಳಿಡಿ.

ಫಾಗ್ ಕ್ಲೌಡ್‌ನ ಶತ್ರು ಗಾಳಿ. ಗಂಟೆಗೆ 10 ಮೈಲಿ, ಅಂದರೆ 16 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಚದುರಿಹೋಗುತ್ತದೆ. ಕೊಡಚಾದ್ರಿಯ ನೆತ್ತಿಯಂಥ ಜಾಗದಲ್ಲಿ ಅದು ಎಷ್ಟು ಹೊತ್ತು ನಿಂತೀತು ಹೇಳಿ? ಕಣಿವೆಯೊಳಗೆ, ನದಿ ದಡದಲ್ಲಿ, ಓಡಿ ತಪ್ಪಿಸಿಕೊಳ್ಳಲು ಅದರಷ್ಟು ಒಳ್ಳೆಯದು ಮೊದಲ ಲೆವೆಲ್‌ನಲ್ಲಿ ಕಡಿಮೆ. ಇನ್ನು ಎಂಟ್ಯಾಂಗಲ್ ಸರಳ. ಅಗ್ಗ, ದೂರಕ್ಕೂ ಮುಟ್ಟುತ್ತದೆ, ಒಂದು ಹೊಡೆದಾಟಕ್ಕೆ ಸಾಕು. ಡ್ರೂಯಿಡ್ (ಪ್ರಕೃತಿಯಿಂದ ಶಕ್ತಿ ಪಡೆಯುವ ಪಾತ್ರ) ಆಗಿ ಶುರು ಮಾಡುವವರಿಗೆ ನನ್ನ ಮೊದಲ ಆಯ್ಕೆ.

ಮೂರನೇ ಲೆವೆಲ್ ಸ್ಲಾಟ್ ಬಂದಾಗ

ಪಾತ್ರ ಐದನೇ ಲೆವೆಲ್ ತಲುಪಿ ಈ ಸ್ಲಾಟ್ ಸಿಕ್ಕವರ ಪ್ರಶ್ನೆ ಬೇರೆ. ಒಂದೇ ಸಲಕ್ಕೆ ಸುಡುವ ಫೈರ್‌ಬಾಲ್ ಒಳ್ಳೆಯದಾ, ರೌಂಡ್ ರೌಂಡ್‌ಗೆ ಹೊಡೆಯುವ ಮಂತ್ರ ಒಳ್ಳೆಯದಾ? ಫೈರ್‌ಬಾಲ್ ಆರು ಮುಖದ ಎಂಟು ದಾಳ, ಆ ಕ್ಷಣಕ್ಕೆ ಮುಗಿಯಿತು, ಕಾನ್ಸಂಟ್ರೇಷನ್ ಬೇಡ. ಡ್ರೂಯಿಡ್‌ನ ಕಾಲ್ ಲೈಟ್ನಿಂಗ್ 120 ಅಡಿ, 10 ನಿಮಿಷ ತನಕ, ಪ್ರತಿ ಟರ್ನ್ ಆ್ಯಕ್ಷನ್ ಕೊಟ್ಟು ಹತ್ತು ಮುಖದ ಮೂರು ದಾಳದ ಸಿಡಿಲು. ಕ್ಲೆರಿಕ್‌ನ ಸ್ಪಿರಿಟ್ ಗಾರ್ಡಿಯನ್ಸ್ (ಕಾವಲು ಆತ್ಮಗಳು) ನಿಮ್ಮ ಸುತ್ತ 15 ಅಡಿ, ಅದೂ 10 ನಿಮಿಷ ತನಕ, ಎಂಟು ಮುಖದ ಮೂರು ದಾಳ, ಆ್ಯಕ್ಷನ್ ಮತ್ತೆ ಕೊಡುವುದು ಬೇಡ.

ಮಳೆಗಾಲದ ಕಥೆಯಾದರೆ ಕಾಲ್ ಲೈಟ್ನಿಂಗ್ ಬಿಡಬೇಡಿ. ಹೊರಗೆ ಗುಡುಗು ಮಳೆ ಇದ್ದಾಗ ಹಾಕಿದರೆ ಇರುವ ಮೋಡವೇ ನಿಮ್ಮ ಕೈಗೆ ಬರುತ್ತದೆ, ಪ್ರತಿ ಸಿಡಿಲಿಗೂ ಹತ್ತು ಮುಖದ ಇನ್ನೊಂದು ದಾಳ ಸೇರುತ್ತದೆ. ಆದರೆ ಗುಹೆಯೊಳಗೆ, ತಗ್ಗಿನ ಛಾವಣಿ ಕೆಳಗೆ ಮೋಡಕ್ಕೆ ಜಾಗವೇ ಇಲ್ಲ, ಮಂತ್ರ ವಿಫಲ. ಒಂದರ ಪಕ್ಕ ಒಂದು ಕೋಣೆ ಇರುವ ಕೋಟೆಯೊಳಗೆ ಸ್ಪಿರಿಟ್ ಗಾರ್ಡಿಯನ್ಸ್ ಮುಂದೆ. 10 ನಿಮಿಷ ಅಂದರೆ ಕಾನ್ಸಂಟ್ರೇಷನ್ ಉಳಿದರೆ ಎರಡು ಮೂರು ಕೋಣೆಯ ಹೊಡೆದಾಟಕ್ಕೆ ಒಂದೇ ಸ್ಲಾಟ್. ರೇಂಜ್ ಸೆಲ್ಫ್ ಅಂತ ಇದನ್ನು ಕಡೆಗಣಿಸುವವರು ತುಂಬ ಜನ. ನೀವು ನಡೆದಷ್ಟೂ ಅದು ನಿಮ್ಮ ಜೊತೆ ನಡೆಯುತ್ತದೆ, ಅಲ್ವಾ? ದೂರವನ್ನು ಅದು ಕಾಲಿನಿಂದ ಗಳಿಸುತ್ತದೆ. ಅದೇ ಅದರ ಅಪಾಯ ಕೂಡ, ಏಟಿನ ನಡುವೆ ನಿಂತು ಕಾನ್ಸಂಟ್ರೇಷನ್ ಕಾಪಾಡಬೇಕು.

ಆಟವನ್ನೇ ಇನ್ನೂ ಆರಿಸದವರಿಗೆ

ಹಳೆಯ ಆವೃತ್ತಿಗಳಲ್ಲಿ ಈ ಲೆಕ್ಕ ಬೇರೆಯೇ ಇತ್ತು. 1978ರ ಪುಸ್ತಕದಲ್ಲಿ ರೇಂಜ್ ಇಂಚಿನಲ್ಲಿತ್ತು. ಒಂದು ಇಂಚು ಕಟ್ಟಡದೊಳಗೆ 10 ಅಡಿ, ಬಯಲಿನಲ್ಲಿ 10 ಗಜ. ಮೂರನೇ ಆವೃತ್ತಿಯಲ್ಲಿ ಲೆವೆಲ್ ಏರಿದಂತೆ ರೇಂಜ್, ಅವಧಿ ಎರಡೂ ಏರುತ್ತಿದ್ದವು. ಅಲ್ಲಿ ಫೈರ್‌ಬಾಲ್ 400 ಅಡಿ, ಜೊತೆಗೆ ಲೆವೆಲ್‌ಗೆ 40 ಅಡಿ. ಜೋಗದ ಎತ್ತರ 830 ಅಡಿ. ಮೇಲೆ ನಿಂತು ಕೆಳಗಿನ ಗುಂಡಿಗೆ ಬಿಟ್ಟರೆ ಐದನೇ ಆವೃತ್ತಿಯ ಫೈರ್‌ಬಾಲ್ ಐದರಲ್ಲಿ ಒಂದು ಭಾಗವೂ ಇಳಿಯುವುದಿಲ್ಲ. ಮೂರನೇ ಆವೃತ್ತಿಯ 11ನೇ ಲೆವೆಲ್ ವಿಝಾರ್ಡ್‌ನದು 840 ಅಡಿ, ನೀರು ಮುಟ್ಟುತ್ತದೆ. ಬೆಳೆಯುವ ಖುಷಿ ಅದರಲ್ಲಿದೆ. ಪ್ರತಿ ಮಂತ್ರದ ಲೆಕ್ಕ ಪ್ರತಿ ಲೆವೆಲ್‌ಗೂ ತಿದ್ದಿಕೊಳ್ಳುವ ಕೆಲಸವೂ ಇದೆ. ಬರೆದಿಡುವ ಅಭ್ಯಾಸ ಇರುವ ಗುಂಪಿಗೆ ಮಾತ್ರ ನಾನು ಅದನ್ನು ಹೇಳುತ್ತೇನೆ.

ಪಾತ್‌ಫೈಂಡರ್ ಅಂತ ಇದೇ ಥರದ ಇನ್ನೊಂದು ಆಟ ಇದೆ, 2019ರಲ್ಲಿ ಬಂದ ಅದರ ಎರಡನೇ ಆವೃತ್ತಿ ಬೇರೆ ದಾರಿ ಹಿಡಿದಿದೆ. ಅಲ್ಲಿ ಟರ್ನ್‌ಗೆ ಮೂರು ಆ್ಯಕ್ಷನ್. ಮಂತ್ರವನ್ನು ಉಳಿಸಿಕೊಳ್ಳಬೇಕಾದರೆ ಪ್ರತಿ ಟರ್ನ್ ಒಂದು ಆ್ಯಕ್ಷನ್ ಕೊಡಬೇಕು. ಏಟು ಬಿದ್ದರೂ ಮಂತ್ರ ಮುರಿಯುವುದಿಲ್ಲ. ಅಲ್ಲಿನ ಹೀಲ್ ಮಂತ್ರ ನನಗೆ ತುಂಬ ಇಷ್ಟ: ಒಂದು ಆ್ಯಕ್ಷನ್ ಕೊಟ್ಟರೆ ಟಚ್, ಎರಡು ಕೊಟ್ಟರೆ 30 ಅಡಿ ಮತ್ತು 8 ಪಾಯಿಂಟ್ ಜಾಸ್ತಿ, ಮೂರು ಕೊಟ್ಟರೆ ಸುತ್ತ 30 ಅಡಿಯಲ್ಲಿ ಇರುವವರಿಗೆಲ್ಲ. ಎಷ್ಟು ದೂರ ಬೇಕು ಅನ್ನೋದನ್ನು ಆ ಕ್ಷಣಕ್ಕೇ ತೀರ್ಮಾನಿಸಬಹುದು. ಒಂದು ಅದೃಷ್ಟದ ಬಾಣಕ್ಕೆ ಮಂತ್ರ ಕಳೆದುಕೊಳ್ಳುವುದು ಬೇಸರ ಅನ್ನಿಸುವವರಿಗೆ ಈ ಆಟ ಹೊಂದುತ್ತದೆ. ಹೊಸಬರೇ ತುಂಬಿರುವ ಗುಂಪಿಗೆ ಐದನೇ ಆವೃತ್ತಿ ಹಗುರ. ಅದರ ಮೂಲ ನಿಯಮಗಳು ಉಚಿತವಾಗಿಯೂ ಸಿಗುತ್ತವೆ, ದುಡ್ಡು ಹಾಕದೆ ಶುರು ಮಾಡಬಹುದು.

ನಕ್ಷೆ ಇಲ್ಲದೆ ಬರೀ ಮಾತಿನಲ್ಲಿ ಆಡುವವರು, ಅದರಲ್ಲೂ ನೆಟ್‌ವರ್ಕ್ ಬಂದು ಹೋಗುವ ಊರಿನಿಂದ ಫೋನ್‌ನಲ್ಲಿ ಸೇರುವವರು, 60 ಅಡಿ, 90 ಅಡಿ ಅನ್ನೋ ಸಣ್ಣ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಂಥ ಆಟದಲ್ಲಿ ಡಿಎಂ ಹತ್ತಿರ, ದೂರ, ತುಂಬ ದೂರ ಅಂತ ಮೂರೇ ಅಳತೆ ಇಟ್ಟುಕೊಂಡಿರುತ್ತಾರೆ. ಅವಧಿಯ ಕಡೆ ಗಮನ ಕೊಡಿ, ಅದು ನಕ್ಷೆ ಇಲ್ಲದಿದ್ದರೂ ಬದಲಾಗುವುದಿಲ್ಲ.

ಆರಿಸಿದ್ದು ಸರಿ ಹೋಗದಿದ್ದರೆ ಏನು ಅಂತ ಹೆದರುವವರಿಗೆ ಇನ್ನೊಂದು ವಿಷಯ. ಕ್ಲೆರಿಕ್, ಡ್ರೂಯಿಡ್ ಆದರೆ ಪ್ರತಿ ಲಾಂಗ್ ರೆಸ್ಟ್ ಆದ ಮೇಲೆ ಪಟ್ಟಿ ಬದಲಿಸಬಹುದು. ವಿಝಾರ್ಡ್ ತನ್ನ ಪುಸ್ತಕದಲ್ಲಿ ಇರುವುದರಲ್ಲಿ ಬದಲಿಸಬಹುದು. ಹಾಗಾಗಿ ನಾಳೆ ಗುಹೆ ಇದೆಯಾ, ಬಯಲು ಇದೆಯಾ ನೋಡಿಕೊಂಡು ಧೈರ್ಯವಾಗಿ ಒಂದೇ ಜಾಗಕ್ಕೆ ಹೊಂದುವ ಮಂತ್ರ ತಗೊಳ್ಳಿ. 2014ರ ನಿಯಮದಲ್ಲಿ ಮಂತ್ರ ಹಾಕುವ ಬೇರೆ ಪಾತ್ರಗಳಾದ ಬಾರ್ಡ್, ಸಾರ್ಸರರ್, ವಾರ್ಲಾಕ್‌ಗೆ ಲೆವೆಲ್ ಏರಿದಾಗ ಒಂದನ್ನು ಮಾತ್ರ ಬದಲಿಸುವ ಅವಕಾಶ. ಇವರು ಎಲ್ಲ ಕಡೆ ನಡೆಯುವ ಮಂತ್ರ ಹಿಡಿಯುವುದು ವಾಸಿ. ಸಾರ್ಸರರ್‌ಗೆ ಮಾತ್ರ ಮೂರನೇ ಲೆವೆಲ್‌ನಿಂದ ಮೆಟಾಮ್ಯಾಜಿಕ್, ಅಂದರೆ ಮಂತ್ರವನ್ನು ತಿದ್ದಿ ಬಳಸುವ ಶಕ್ತಿ ಸಿಗುತ್ತದೆ. ಒಂದು ಸಾರ್ಸರಿ ಪಾಯಿಂಟ್ (ಇದಕ್ಕೆಂದೇ ಇರುವ ಪಾಯಿಂಟ್) ಕೊಟ್ಟರೆ ಡಿಸ್ಟೆಂಟ್ ಸ್ಪೆಲ್ ರೇಂಜನ್ನು ದುಪ್ಪಟ್ಟು ಮಾಡುತ್ತದೆ, ಟಚ್ ಇದ್ದದ್ದನ್ನು 30 ಅಡಿ ಮಾಡುತ್ತದೆ. ಎಕ್ಸ್‌ಟೆಂಡೆಡ್ ಸ್ಪೆಲ್ ಅವಧಿಯನ್ನು ದುಪ್ಪಟ್ಟು ಮಾಡುತ್ತದೆ, 24 ಗಂಟೆ ಮೀರದ ಹಾಗೆ. 2014ರ ನಿಯಮದಲ್ಲಿ ಎಕ್ಸ್‌ಟೆಂಡೆಡ್ ಕೊಟ್ಟರೂ ಏಟು ಬಿದ್ದಾಗ ಹಾಕುವ ಸೇವ್ ಸುಲಭವಾಗುವುದಿಲ್ಲ. ಆದ್ದರಿಂದ ಮೊದಲು ಡಿಸ್ಟೆಂಟ್ ತಗೊಳ್ಳಿ, ಎಕ್ಸ್‌ಟೆಂಡೆಡ್ ಆಮೇಲೆ ನೋಡಬಹುದು.